ಹಳೆಯ ಕಿಟಕಿ ಕೀಳಬೇಡಿ, ಒಳಗೊಂದು ಗಾಜು ಕೂರಿಸಿ

ಮಾನ್ಯ ಸಂಪಾದಕರೇ,

ಮಲ್ಲೇಶ್ವರ, ಬಸವನಗುಡಿ, ಚಾಮರಾಜಪೇಟೆಯ ಹಳೆಯ ಮನೆಗಳ ಮುಂದೆ ತೇಗದ ಕಿಟಕಿಗಳು ಗುಜರಿ ಗಾಡಿ ಹತ್ತುವುದು ಈಗ ಮಾಮೂಲಿ ನೋಟ. ಕೇಳಿದರೆ ಉತ್ತರವೂ ಮಾಮೂಲಿಯೇ: ರಸ್ತೆ ಸದ್ದು ತಡೆಯೋಕೆ ಆಗ್ತಿಲ್ಲ, ಸೌಂಡ್‌ಪ್ರೂಫ್ ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್ ಚೌಕಟ್ಟಿನ ಕಿಟಕಿ) ಹಾಕಿಸ್ತಿದ್ದೇವೆ. ಅದೇ ಚೌಕಟ್ಟು ಹಳೆ ಮರದ ಅಂಗಡಿಯಲ್ಲಿ ಪಾಲಿಶ್ ಹೊಡೆಸಿಕೊಂಡು ಹಲವು ಪಟ್ಟು ಬೆಲೆಗೆ ಹೋಗುತ್ತದೆ, ಅದು ಬೇರೆ ಮಾತು. ಇಷ್ಟೆಲ್ಲ ಖರ್ಚು ಮಾಡಿದ ಮೇಲೂ ಬಸ್ಸಿನ ಗುಡುಗುಡು ಹಾಗೇ ಕೇಳುತ್ತದೆ ಎಂಬ ದೂರು ಮಾತ್ರ ಉಳಿಯುತ್ತದೆ. ಹಳೆಯ ಕಿಟಕಿಯನ್ನು ಇದ್ದಲ್ಲೇ ಬಿಟ್ಟು, ಅದರ ಒಳಮಗ್ಗುಲಲ್ಲಿ ಗೇಣು ಬಿಟ್ಟು ಎರಡನೆಯ ಗಾಜು ಕೂರಿಸುವ ಪದ್ಧತಿಯೊಂದಿದೆ. ಇಂಗ್ಲೆಂಡಿನಲ್ಲಿ ಅನುಮತಿಯಿಲ್ಲದೆ ಬದಲಿಸಬಾರದೆಂದು ಕಾನೂನಿರುವ ಹಳೆಯ ಕಟ್ಟಡಗಳಿಗೆ ಬಹುಕಾಲದಿಂದ ಹೀಗೇ ಮಾಡುತ್ತಾರೆ. ಸೆಕೆಂಡರಿ ಗ್ಲೇಜಿಂಗ್ ಎಂಬುದು ಅದರ ಹೆಸರು. ನಮ್ಮ ದಪ್ಪ ಗೋಡೆಯ ಮನೆಗಳಿಗೆ ಅದು ಇನ್ನೂ ಚೆನ್ನಾಗಿ ಹೊಂದುತ್ತದೆ. ಮಾಡುವ ಬಗೆ, ಕೆಡುವ ಬಗೆ ಎರಡನ್ನೂ ಓದುಗರ ಮುಂದಿಡಲು ಈ ಪತ್ರ.

ಮೊದಲು ಯುಪಿವಿಸಿ ಯಾಕೆ ಕೈಕೊಡುತ್ತದೆ ಎಂಬುದು. ಮಾರುಕಟ್ಟೆಯಲ್ಲಿ ಡಬಲ್ ಗಾಜು ಎಂದು ಕೊಡುವುದು ಹೆಚ್ಚಾಗಿ 5 ಮಿ.ಮೀ. ಗಾಜು, 12 ಮಿ.ಮೀ. ಖಾಲಿ ಜಾಗ, ಮತ್ತೆ 5 ಮಿ.ಮೀ. ಗಾಜು. ಎರಡು ಗಾಜು ಎರಡು ತೂಕದ ಬಟ್ಟುಗಳಿದ್ದ ಹಾಗೆ, ನಡುವಿನ ಗಾಳಿ ಸ್ಪ್ರಿಂಗ್ ಇದ್ದ ಹಾಗೆ. ಜಾಗ ಕಿರಿದಾದಷ್ಟೂ ಸ್ಪ್ರಿಂಗ್ ಬಿಗಿ. ಯಾವುದೋ ಒಂದು ಕಂಪನಕ್ಕೆ ಎರಡೂ ಗಾಜು ಜೊತೆಗೂಡಿ ತೂಗಾಡತೊಡಗುತ್ತವೆ. ಆ ಕಂಪನದಲ್ಲಿ ಡಬಲ್ ಗಾಜು ಒಂಟಿ ಗಾಜಿಗಿಂತಲೂ ಕಡೆ. ಮೇಲಿನ ಅಳತೆಗೆ ಲೆಕ್ಕ ಹಾಕಿದರೆ ಅದು 220 ಹರ್ಟ್ಸ್ (ಸೆಕೆಂಡಿಗೆ 220 ಕಂಪನ) ಹತ್ತಿರ ಬರುತ್ತದೆ. ಸಿಗ್ನಲ್ಲಿನಲ್ಲಿ ನಿಂತು ಗುಡುಗುಟ್ಟುವ ಡೀಸೆಲ್ ಎಂಜಿನ್ನಿನ ಸದ್ದು ಇರುವುದು ಅದರ ಆಸುಪಾಸಿನಲ್ಲಿ ಮತ್ತು ಅದಕ್ಕಿಂತ ಕೆಳಗೆ. ಈಗ ಹಳೆಯ ಕಿಟಕಿಯ 3 ಮಿ.ಮೀ. ಗಾಜು, ಅದರ ಹಿಂದೆ 4 ಇಂಚು ಬಿಟ್ಟು 6 ಮಿ.ಮೀ. ಗಾಜು ಎಂದಿಟ್ಟುಕೊಳ್ಳಿ. ತೂಗಾಟ 85 ಹರ್ಟ್ಸ್‌ಗೆ ಇಳಿಯುತ್ತದೆ. 6 ಇಂಚು ಬಿಟ್ಟರೆ 70, 8 ಇಂಚಿಗೆ 60. ಅಂದರೆ ಬಸ್ಸು, ಲಾರಿಯ ಸದ್ದಿನ ಹೆಚ್ಚಿನ ಪಾಲು ಕಿಟಕಿ ಕೆಲಸ ಮಾಡುವ ಎಲ್ಲೆಯೊಳಗೆ ಬಂತು. 4 ಇಂಚಿಗಿಂತ ಕಮ್ಮಿ ಮಾಡಬೇಡಿ. 8 ಇಂಚಿನಾಚೆ ಸಿಗುವ ಲಾಭ ಹೇಳಿಕೊಳ್ಳುವಂಥದ್ದಲ್ಲ.

ಒಳಗಿನ ಗಾಜು ಹೊರಗಿನದಕ್ಕಿಂತ ಬೇರೆ ದಪ್ಪದ್ದೇ ಇರಬೇಕು. ಪ್ರತಿ ದಪ್ಪದ ಗಾಜಿಗೂ ಸದ್ದು ಸಲೀಸಾಗಿ ತೂರುವ ಕಿಂಡಿಯಂಥ ಕಂಪನ ಒಂದೊಂದು ಇರುತ್ತದೆ: 3 ಮಿ.ಮೀ.ಗೆ 4000 ಹರ್ಟ್ಸ್ ಹತ್ತಿರ, 6 ಮಿ.ಮೀ.ಗೆ 2000 ಹತ್ತಿರ. ಎರಡೂ ಗಾಜು ಒಂದೇ ದಪ್ಪವಾದರೆ ಎರಡು ಕಿಂಡಿಯೂ ಒಂದೇ ಸಾಲಿಗೆ ಬಂದು ಸ್ಕೂಟರ್ ಹಾರನ್ನಿನ ಕೀರಲು ನೇರ ಒಳಗೆ ತೂರುತ್ತದೆ. ಕೈಗೆಟುಕಿದರೆ ಲ್ಯಾಮಿನೇಟೆಡ್ ಗಾಜು ಹಾಕಿಸಿ. 3 ಮಿ.ಮೀ.ನ ಎರಡು ಹಾಳೆ, ನಡುವೆ 0.76 ಮಿ.ಮೀ. ಪಿವಿಬಿ ಎಂಬ ಪ್ಲಾಸ್ಟಿಕ್ ಪದರ, ಆ ಮೆತ್ತನೆಯ ಪದರ ಕಂಪನವನ್ನು ನುಂಗುವುದರಿಂದ ಕಿಂಡಿ ಅರ್ಧಕ್ಕರ್ಧ ಮುಚ್ಚಿದ ಹಾಗಾಗುತ್ತದೆ. ಒಡೆದರೂ ಚೂರು ಉದುರುವುದಿಲ್ಲ. ಅಕ್ರಿಲಿಕ್ ಹಾಳೆಯನ್ನು ಮ್ಯಾಗ್ನೆಟ್ ಪಟ್ಟಿಯಿಂದ ಅಂಟಿಸುವ ಕಿಟ್‌ಗಳೂ ಬರುತ್ತವೆ. ಹಗುರ, ಬೇಕಾದಾಗ ಕಳಚಬಹುದು, ಬಾಡಿಗೆ ಮನೆಗೆ ಅನುಕೂಲ. ಆದರೆ ಸದ್ದು ತಡೆಯುವುದು ತೂಕ. ಅಕ್ರಿಲಿಕ್ ತೂಕ ಗಾಜಿನ ಅರ್ಧಕ್ಕೂ ಕಮ್ಮಿ, ಆದ್ದರಿಂದ 6 ಮಿ.ಮೀ. ಅಕ್ರಿಲಿಕ್ ಎಂದರೆ 3 ಮಿ.ಮೀ. ಗಾಜು ಹಾಕಿದ ಹಾಗೆ.

ಇಷ್ಟಾದರೂ ಗಾಜು ಎರಡನೆಯ ಮಾತು. ಮೊದಲ ಮಾತು ಸಂದಿ. 4 ಅಡಿ ಎತ್ತರ, 3 ಅಡಿ ಅಗಲದ ಎರಡು ಬಾಗಿಲಿನ ಸಾಮಾನ್ಯ ಕಿಟಕಿಯನ್ನೇ ತೆಗೆದುಕೊಳ್ಳಿ. ಸುತ್ತಳತೆ 14 ಅಡಿ, ಎರಡು ಬಾಗಿಲು ಕೂಡುವ ನಡುಗೆರೆ 4 ಅಡಿ, ಒಟ್ಟು 18 ಅಡಿ ಸಂದಿ. ಅದು ಬರೀ 2 ಮಿ.ಮೀ. ಅಗಲ ಎಂದಿಟ್ಟುಕೊಂಡರೂ ಒಟ್ಟು 17 ಚದರ ಇಂಚು ತೆರಪು. ನಾಲ್ಕಿಂಚು ಉದ್ದ, ನಾಲ್ಕಿಂಚು ಅಗಲದ ತೂತು ಕೊರೆದಿಟ್ಟ ಹಾಗೆ. ಕಿಟಕಿಯ ಒಟ್ಟು ಜಾಗದಲ್ಲಿ ಇದು ನೂರಕ್ಕೆ ಒಂದು ಪಾಲು. ನೂರಕ್ಕೆ ಒಂದು ಪಾಲು ತೆರೆದಿದ್ದರೆ ಉಳಿದ ತೊಂಬತ್ತೊಂಬತ್ತು ಪಾಲಿಗೆ ಉಕ್ಕಿನ ತಗಡು ಹೊಡೆದರೂ 20 ಡೆಸಿಬೆಲ್‌ಗಿಂತ ಹೆಚ್ಚು ತಡೆಯಲು ಸಾಧ್ಯವಿಲ್ಲ. ಹಳೆಯ ಕಿಟಕಿಗಳಲ್ಲಿ 2 ಮಿ.ಮೀ. ಅಲ್ಲ, 5 ಮಿ.ಮೀ. ಸಂದಿಯೂ ಅಪರೂಪವಲ್ಲ.

ಹಾಗಾಗಿ ಎರಡನೆಯ ಗಾಜಿಗೆ ಮುಂಗಡ ಕೊಡುವ ಮೊದಲು ಇದ್ದ ಕಿಟಕಿಯ ರಿಪೇರಿ ಆಗಬೇಕು. ಪದರ ಪದರವಾಗಿ ಕೂತ ಹಳೆಯ ಬಣ್ಣವನ್ನು ಬಾಗಿಲು ಬಂದು ತಾಗುವ ಅಂಚಿನಿಂದ ಕೆರೆದು ತೆಗೆಯಿರಿ. ಬಾಗಿಲು ಪೂರ್ತಿ ಕೂರದಿರಲು ಅರ್ಧ ಕಾರಣ ಅದೇ. ಹಳೆಯ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು. ಒಣಗಿದ್ದಾಗ ಮರಳುಕಾಗದ ಉಜ್ಜಿ ದೂಳೆಬ್ಬಿಸಬೇಡಿ, ನೀರು ಹಚ್ಚಿ ಒದ್ದೆ ಮಾಡಿ ಕೆರೆಯಿರಿ, ಮಕ್ಕಳನ್ನು ಆ ಕೋಣೆಗೆ ಬಿಡಬೇಡಿ. ಜೋತುಬಿದ್ದ ಬಾಗಿಲಿನ ಕೀಲು ಕಳಚಿ, ದೊಗರಾದ ಸ್ಕ್ರೂ ತೂತಿಗೆ ತೇಗದ ಬೆಣೆಯನ್ನು ಅಂಟು ಹಚ್ಚಿ ಹೊಡೆದು, ಒಣಗಿದ ಮೇಲೆ ಹೊಸದಾಗಿ ತೂತು ಕೊರೆದು ಕೂರಿಸಿ. ಗಾಜನ್ನು ಬೆರಳಿನಿಂದ ತಟ್ಟಿ ನೋಡಿ. ಲಟಲಟ ಅಂದರೆ ಪುಟ್ಟಿ ಒಣಗಿ ಬಿಟ್ಟಿದೆ ಎಂದರ್ಥ. ಬಸ್ಸು ಹೋದಾಗಲೆಲ್ಲ ಕಿಟಕಿ ಗಡಗಡ ಎನ್ನುವುದು ಈ ಸಡಿಲ ಗಾಜಿನಿಂದ, ಅದಕ್ಕೆ ಎರಡನೆಯ ಗಾಜು ಮದ್ದಲ್ಲ. ಹಳೆ ಪುಟ್ಟಿ ಕಿತ್ತು, ಅಗಸೆ ಎಣ್ಣೆಯಲ್ಲಿ ಸೀಮೆಸುಣ್ಣದ ಪುಡಿ ನಾದಿದ ಪುಟ್ಟಿ ತುಂಬಿ. ಒಂದು ವಾರವಾದರೂ ಬಿಟ್ಟು, ಮೇಲೆ ಸಿಪ್ಪೆ ಕಟ್ಟಿದ ನಂತರ ಬಣ್ಣ ಹೊಡೆಯಿರಿ.

ಸಂದಿಗೆ ರಬ್ಬರ್ ಪಟ್ಟಿ ಹಾಕುವಾಗ ಇಪಿಡಿಎಂ (ಬಿಸಿಲು, ಮಳೆ ತಾಳುವ ಒಂದು ಬಗೆಯ ರಬ್ಬರ್) ಎಂದು ಕೇಳಿ ತನ್ನಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಬಿಳಿ ಸ್ಪಂಜಿನ ಟೇಪು ಒಂದು ಬೇಸಿಗೆಗೆ ಚಪ್ಪಟೆಯಾಗಿ, ಎರಡನೆಯದಕ್ಕೆ ಪುಡಿಯಾಗಿ ಉದುರುತ್ತದೆ. 2ರಿಂದ 3 ಮಿ.ಮೀ. ಸಂದಿಗೆ ಇಂಗ್ಲಿಷಿನ ಇ ಆಕಾರದ ಪಟ್ಟಿ, 3ರಿಂದ 5ಕ್ಕೆ ಪಿ ಆಕಾರದ್ದು. ಸಂದಿ ಎಷ್ಟೆಂದು ತಿಳಿಯಲು ಆಟದ ಜೇಡಿಮಣ್ಣಿನ ಉಂಡೆಯನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿ ಆರೇಳು ಕಡೆ ಇಟ್ಟು, ಬಾಗಿಲು ಹಾಕಿ ಚಿಲಕ ಬಿಗಿದು, ತೆಗೆದು ಅಳೆಯಿರಿ. ದಪ್ಪ ಪಟ್ಟಿ ಹಾಕಿದರೆ ಇನ್ನೂ ಒಳ್ಳೆಯದು ಎಂದು ಹೋಗುವವರೇ ಹೆಚ್ಚು. ಬಾಗಿಲು ಚಿಮ್ಮಿ ನಿಲ್ಲುತ್ತದೆ, ಬಲ ಹಾಕಿ ಚಿಲಕ ಎಳೆದಷ್ಟೂ ಕೀಲಿನ ಸ್ಕ್ರೂ ಕಿತ್ತು ಬರುತ್ತದೆ. ಅಳತೆಯನ್ನು ಫೆಬ್ರವರಿ, ಮಾರ್ಚ್‌ನ ಒಣ ದಿನಗಳಲ್ಲಿ ಮಾಡುವುದು ಒಳ್ಳೆಯದು. ಮಳೆಗಾಲದಲ್ಲಿ ಉಬ್ಬಿದ ಮರಕ್ಕೆ ಉಜ್ಜುಗೊರಡು ಹಾಕಿಸಿದರೆ ಬೇಸಿಗೆಯಲ್ಲಿ ಅಷ್ಟೇ ಸಂದಿ ಬಿಡುತ್ತದೆ. ತೇಗ ಅಷ್ಟಾಗಿ ಉಬ್ಬುವುದಿಲ್ಲ, ಮತ್ತಿ ಮರದ ಕಿಟಕಿಗಳಿಗೆ ಮಾತ್ರ ಈ ಎಚ್ಚರ ಬೇಕೇ ಬೇಕು. ಕೊನೆಗೆ ಒಂದು ತುಂಡು ಕಾಗದ ಸಿಕ್ಕಿಸಿ ಬಾಗಿಲು ಹಾಕಿ ಎಳೆದು ನೋಡಿ. ಸಲೀಸಾಗಿ ಜಾರಿದ ಕಡೆ ಸದ್ದೂ ಹಾಗೇ ಜಾರುತ್ತದೆ.

ಇನ್ನೊಂದು ದೊಡ್ಡ ಕಂಡಿಯನ್ನು ಎಲ್ಲರೂ ಮರೆಯುತ್ತಾರೆ: ಕಿಟಕಿಯ ನೆತ್ತಿಯ ಮೇಲಿನ ವೆಂಟಿಲೇಟರ್. ಸಿಮೆಂಟ್ ಜಾಲರಿಯದ್ದಾಗಲಿ, ತಿರುಗುವ ಗಾಜಿನದ್ದಾಗಲಿ, ಅದು ಸಾಮಾನ್ಯವಾಗಿ ತೆರೆದೇ ಇರುತ್ತದೆ. ಅದನ್ನು ಬಿಟ್ಟು ಕೆಳಗಿನ ಕಿಟಕಿಗೆ ಸಾವಿರಗಟ್ಟಲೆ ಸುರಿಯುವುದು ತಳ ಒಡೆದ ಕೊಡಕ್ಕೆ ಮುಚ್ಚಳ ಹುಡುಕಿದ ಹಾಗೆ. ಹಾಗೆಯೇ ಮಂಗಳೂರು ಹೆಂಚಿನ ಮನೆಗಳಲ್ಲಿ ಮರದ ಸೀಲಿಂಗ್ ಇಲ್ಲದಿದ್ದರೆ ಸದ್ದು ಹೆಂಚಿನ ಸಂದಿಯಿಂದ, ಸೂರಿನ ತೆರಪಿನಿಂದ ಇಳಿಯುತ್ತದೆ. ಅಂಥ ಕೋಣೆಯ ಕಿಟಕಿಗೆ ಮೊದಲು ಕೈ ಹಾಕಲೇಬೇಡಿ. ಕಿಟಕಿ ಏಸಿ ಇದ್ದರೂ ಅಷ್ಟೇ, ಅದರ ತಗಡಿನ ಡಬ್ಬಿಯೇ ಒಂದು ತೂತು. ಮದ್ರಾಸ್ ತಾರಸಿಯ (ಮರದ ತೊಲೆಯ ಮೇಲೆ ಇಟ್ಟಿಗೆ, ಗಾರೆ ಹಾಕಿದ ಸೂರು) ಮನೆಯವರು ಮೇಲಿನಿಂದ ಬರುವ ಸದ್ದಿನ ಚಿಂತೆ ಬಿಡಬಹುದು.

ಸದ್ದು ನಿಜಕ್ಕೂ ಕಿಟಕಿಯಿಂದಲೇ ಬರುತ್ತಿದೆಯೇ ಎಂದು ಖಚಿತಪಡಿಸಿಕೊಳ್ಳಲು ಒಂದು ರಾತ್ರಿ ಸಾಕು. 18 ಮಿ.ಮೀ. ಪ್ಲೈವುಡ್ ಹಾಳೆಯನ್ನು ಕಿಟಕಿಯ ಒಳಬಾಯಿಯ ಅಳತೆಗೆ ಕತ್ತರಿಸಿ, ಒತ್ತಿ ಕೂರಿಸಿ, ಸುತ್ತಲೂ ಅಗಲ ಟೇಪು ಹೊಡೆಯಿರಿ. ವೆಂಟಿಲೇಟರಿಗೂ ಅದೇ ಉಪಚಾರ. ಮೊಬೈಲಿನ ಡೆಸಿಬೆಲ್ ಆ್ಯಪ್ ಹೇಳುವ ಸಂಖ್ಯೆ ನಂಬುವಂಥದ್ದಲ್ಲ, ಆದರೆ ಅದೇ ಫೋನು, ಅದೇ ಮಂಚದ ತಲೆದಿಂಬಿನ ಜಾಗ, ಅದೇ ಹೊತ್ತಿನಲ್ಲಿ ಮೊದಲು ಮತ್ತು ಆಮೇಲೆ ಅಳೆದರೆ ವ್ಯತ್ಯಾಸ ಸರಿಯಾಗಿ ಗೊತ್ತಾಗುತ್ತದೆ. 10 ಇಳಿದರೆ ಕಿವಿಗೆ ಸದ್ದು ಅರ್ಧವಾದಂತೆ. 3ಕ್ಕಿಂತ ಕಮ್ಮಿ ಇಳಿದರೆ ಕಿಟಕಿಯ ಕೆಲಸ ನಿಲ್ಲಿಸಿ, ಕೋಣೆಯ ಬಾಗಿಲಿನ ಅಡಿಯ ಸಂದಿ, ಸೂರು, ಏಸಿ ಇವುಗಳತ್ತ ನೋಡಿ.

ಈಗ ಒಳಗಿನ ಚೌಕಟ್ಟು. 14 ಇಂಚಿನ ಇಟ್ಟಿಗೆ ಗೋಡೆಯಲ್ಲಿ ಹಳೆಯ ಚೌಕಟ್ಟು ಹೊರಮೈಗೆ ಹತ್ತಿರವಿದ್ದರೆ ಒಳಗೆ 8ರಿಂದ 9 ಇಂಚು ಜಾಗ ಸಿಗುತ್ತದೆ. ಬೇರೇನೂ ಬೇಡ, ಗೋಡೆಯ ಒಳಮೈಗೆ ಸಮನಾಗಿ ಹೊಸ ಚೌಕಟ್ಟು ನಿಲ್ಲಿಸಿದರಾಯಿತು. ಹಳೆಯ ಬಾಗಿಲು ಒಳಕ್ಕೆ ತೆರೆಯುವಂಥದ್ದಾದರೆ ಮೊದಲು ಅದು ತಿರುಗುವ ವರಸೆ ನೋಡಿಕೊಳ್ಳಿ. ಹೊಸ ಬಾಗಿಲೂ ಒಳಕ್ಕೇ, ಅದಕ್ಕಿಂತ ದೊಡ್ಡದಾಗಿ ತೆರೆಯಬೇಕು. ಹೊರಕ್ಕೆ ತೆರೆಯುವಂಥದ್ದಾದರೆ ಕಂಬಿಗಳ ನಡುವೆ ಕೈ ಹಾಕಿ ಚಿಲಕ ಮುಟ್ಟುವಷ್ಟು ಜಾಗವಿರಬೇಕು. ಹಳೆಯ ಚೌಕಟ್ಟು ಒಳಮೈಗೇ ಬಂದು ಕೂತಿದ್ದರೆ 4 ಇಂಚು ಆಳದ ಪೆಟ್ಟಿಗೆಯಂಥ ಚೌಕಟ್ಟನ್ನು ಗೋಡೆಗೆ ಹೊರಚಾಚಿ ಕೂರಿಸಬೇಕಾಗುತ್ತದೆ. ನೋಟಕ್ಕೆ ಅಷ್ಟು ಚೆಂದವಲ್ಲ, ಕೆಲಸ ಮಾಡುತ್ತದೆ. ಹೊಸ ಚೌಕಟ್ಟನ್ನು ಹಳೆಯದಕ್ಕೆ ಸ್ಕ್ರೂ ಹೊಡೆದು ಜೋಡಿಸುವ ಸುಲಭದ ದಾರಿಗೆ ಮಾತ್ರ ಹೋಗಬೇಡಿ. ಹೊರಗಿನ ಮರದ ನಡುಕ ಮರದ ಮೂಲಕವೇ ಒಳಗಿನ ಗಾಜಿಗೆ ಬಂದು, ನಡುವಿನ ಗಾಳಿ ಇದ್ದೂ ಇಲ್ಲದಂತಾಗುತ್ತದೆ.

ಅಳತೆಯಲ್ಲಿ ಅವಸರ ಬೇಡ. ಹಳೆಯ ಗೋಡೆಯ ಯಾವ ಕಿಟಕಿಯೂ ಮೂಲೆಮಟ್ಟಕ್ಕೆ ಇರುವುದಿಲ್ಲ. ಅಗಲವನ್ನು ಮೇಲೆ, ನಡುವೆ, ಕೆಳಗೆ, ಎತ್ತರವನ್ನು ಎಡ, ನಡು, ಬಲ, ಕರ್ಣ ಎರಡೂ. ಅತಿ ಕಮ್ಮಿ ಬಂದ ಅಗಲ, ಎತ್ತರವನ್ನು ಹಿಡಿದು ಪ್ರತಿ ಮಗ್ಗುಲಿಗೆ 5 ಮಿ.ಮೀ. ಬಿಟ್ಟು ಚೌಕಟ್ಟು ಮಾಡಿಸಿ. ಗೋಡೆ ಸೊಟ್ಟಗಿದೆಯೆಂದು ಚೌಕಟ್ಟನ್ನೂ ಸೊಟ್ಟ ಮಾಡಿಸಬೇಡಿ, ಅದು ರಸಮಟ್ಟಕ್ಕೇ ನಿಲ್ಲಲಿ, ಉಳಿದ ಜಾಗಕ್ಕೆ ಮರದ ಪಟ್ಟಿ ಕೊಡಿ. ಟಫನ್ ಮಾಡಿದ (ಕಾಯಿಸಿ ಗಟ್ಟಿಗೊಳಿಸಿದ) ಗಾಜು ಬಂದ ಮೇಲೆ ಅರ್ಧ ಮಿ.ಮೀ. ಕೂಡ ಕತ್ತರಿಸಲಾಗದು, ಮುಟ್ಟಿದರೆ ಇಡೀ ಹಾಳೆ ಕಾಳಾಗಿ ಉದುರುತ್ತದೆ. ಅದರ ಮೂಲೆಯಲ್ಲಿ ಐಎಸ್ 2553 ಎಂಬ ಅಳಿಸಲಾಗದ ಮುದ್ರೆ ಇದೆಯೇ ನೋಡಿ ತೆಗೆದುಕೊಳ್ಳಿ. ನಮ್ಮ 4 ಅಡಿ, 3 ಅಡಿ ಕಿಟಕಿಗೆ 6 ಮಿ.ಮೀ. ಗಾಜು 17 ಕೆ.ಜಿ. ತೂಗುತ್ತದೆ, ಚೌಕಟ್ಟಿನ ತೂಕ ಬೇರೆ. ಎರಡು ಬಾಗಿಲು ಮಾಡಿಸಿದರೆ ಕೀಲು ತಾಳುತ್ತದೆ.

ಸುಣ್ಣದ ಗಾರೆಯ ಗೋಡೆಗೆ ಹ್ಯಾಮರ್ ಡ್ರಿಲ್ ಹಿಡಿದರೆ ತೂತು ಬೀಳುವುದಿಲ್ಲ, ಗುಂಡಿ ಬೀಳುತ್ತದೆ. ಹೊಡೆತ ನಿಲ್ಲಿಸಿ ಬರೀ ತಿರುಗಿಸಿ ಕೊರೆಯಬೇಕು, ಅದೂ ಇಟ್ಟಿಗೆಯ ಹೊಟ್ಟೆಗೆ, ಇಟ್ಟಿಗೆ ಸೇರುವ ಗೆರೆಗಲ್ಲ. 4 ಇಂಚಿನ ನೈಲಾನ್ ಪ್ಲಗ್ ಇರುವ ಫ್ರೇಮ್ ಸ್ಕ್ರೂಗಳನ್ನು ಮೂಲೆಯಿಂದ 6 ಇಂಚಿಗೆ ಒಂದು, ಅಲ್ಲಿಂದ ಮುಂದೆ 16 ಇಂಚಿಗೊಂದರಂತೆ ಕೊಡಿ. ಗೋಡೆಗೂ ಚೌಕಟ್ಟಿಗೂ ನಡುವಿನ 5 ಮಿ.ಮೀ. ತೆರಪಿಗೆ ಕೆಲಸದವರು ಪಿಯು ಫೋಮ್ (ಉಬ್ಬಿ ಗಟ್ಟಿಯಾಗುವ ನೊರೆ) ಊದಿ, ಮೇಲೊಂದು ಗೆರೆ ವೈಟ್ ಸಿಮೆಂಟ್ ಎಳೆದು ಕೈ ತೊಳೆದುಕೊಳ್ಳುತ್ತಾರೆ. ಫೋಮ್‌ಗೆ ತೂಕವಿಲ್ಲ, ಸದ್ದು ತಡೆಯಲು ಅದೊಂದನ್ನೇ ನಂಬುವಂತಿಲ್ಲ. ಸಿಮೆಂಟು ಮೊದಲ ಬೇಸಿಗೆಗೆ ಬಿರಿಯುತ್ತದೆ. ತೆರಪಿಗೆ ಫೋಮಿನ ಹಗ್ಗ ತುರುಕಿ, ಅದರ ಮೇಲೆ ಒಳಗೂ ಹೊರಗೂ ಸೀಲೆಂಟ್ ತುಂಬುವುದು ಸರಿಯಾದ ಕ್ರಮ. ಗೋಡೆ ಕಡೆಗೆ ಅಕ್ರಿಲಿಕ್ ಸೀಲೆಂಟ್ ಬಳಸಿ, ಬಣ್ಣ ಹಿಡಿಯುತ್ತದೆ. ಸಿಲಿಕೋನ್ ಮೇಲೆ ಬಣ್ಣ ನಿಲ್ಲುವುದಿಲ್ಲ. ಗಾಜಿಗೆ ಸಿಲಿಕೋನ್ ಹಚ್ಚುವಾಗ ಹುಳಿ ವಾಸನೆ ಬರುವ ಅಗ್ಗದ ಟ್ಯೂಬು ಬೇಡ, ನ್ಯೂಟ್ರಲ್ ಎಂದಿರುವುದೇ ಬೇಕು. ವಿನೆಗರ್ ವಾಸನೆಯದ್ದು ಲ್ಯಾಮಿನೇಟೆಡ್ ಗಾಜಿನ ಅಂಚಿನ ಪದರವನ್ನು ಕೆಡಿಸುತ್ತದೆ, ಸುಣ್ಣದ ಗಾರೆಗೆ ಸರಿಯಾಗಿ ಅಂಟುವುದೂ ಇಲ್ಲ.

ಸ್ಲೈಡಿಂಗ್ ಮಾಡಿಸಬೇಕೋ, ತೆರೆಯುವ ಬಾಗಿಲೋ? ಗುತ್ತಿಗೆದಾರರು ಸ್ಲೈಡಿಂಗ್ ಕಡೆಗೇ ಎಳೆಯುತ್ತಾರೆ, ಅವರಿಗೆ ಅದು ಸಲೀಸು. ಆದರೆ ಸ್ಲೈಡಿಂಗ್ ಸರಿದಾಡಬೇಕಾದರೆ ಹಳಿಯಲ್ಲಿ ಸಡಿಲ ಇರಲೇಬೇಕು, ಆ ಸಡಿಲವನ್ನು ಮುಚ್ಚುವುದು ಬರೀ ಕೂದಲಿನ ಬ್ರಷ್ ಪಟ್ಟಿ. ತೆರೆಯುವ ಬಾಗಿಲಿನಲ್ಲಿ ಎರಡು ಸುತ್ತು ರಬ್ಬರ್ ಗ್ಯಾಸ್ಕೆಟ್, ಮೇಲೂ ಕೆಳಗೂ ಕಚ್ಚುವ ಲಾಕ್ ಕೊಡಬಹುದು. ಜಾಗದ ಅಭಾವ ಒಂದನ್ನು ಬಿಟ್ಟರೆ ಸ್ಲೈಡಿಂಗಿಗೆ ಬೇರೆ ಸಮರ್ಥನೆ ಇಲ್ಲ. ಗ್ಯಾಸ್ಕೆಟನ್ನು ಮೂಲೆಯಲ್ಲಿ ಎಳೆದು ಕತ್ತರಿಸಿದರೆ ಆರು ತಿಂಗಳಿಗೆ ಕುಗ್ಗಿ ಮೂಲೆಯಲ್ಲಿ ಬೆರಳಗಲ ಬಾಯಿ ಬಿಡುತ್ತದೆ. ಸ್ವಲ್ಪ ಹೆಚ್ಚೇ ಬಿಟ್ಟು ತುರುಕಿ, ಜೋಡಣೆಯನ್ನು ಮೇಲಿನ ಅಂಚಿನ ನಡುವೆ ತನ್ನಿ.

ಎರಡು ಗಾಜಿನ ನಡುವಿನ ಗೋಡೆಯಂಚಿಗೆ, ಅಂದರೆ ಎರಡು ಪಕ್ಕ ಮತ್ತು ಮೇಲ್ಭಾಗಕ್ಕೆ, ಒಂದಿಂಚು ದಪ್ಪದ, ಕಲ್ಲಿನ ಎಳೆಯಿಂದ ಮಾಡಿದ ರಾಕ್‌ವೂಲ್ ಪಟ್ಟಿಯನ್ನು ತೆಳು ಬಟ್ಟೆಯಲ್ಲಿ ಸುತ್ತಿ ಅಂಟಿಸಿದರೆ ಇನ್ನೂ ಕೆಲವು ಡೆಸಿಬೆಲ್ ಇಳಿಯುತ್ತದೆ. ಕೆಳಭಾಗ ಖಾಲಿ ಬಿಡಿ, ಮಳೆನೀರು ನುಗ್ಗಿದರೆ ಒರೆಸಲು. ಗಾಜನ್ನು ಓರೆಯಾಗಿ ಕೂರಿಸಿದರೆ ಸದ್ದು ಚೆದುರುತ್ತದೆ ಎಂದು ಕೆಲವರು ಹೇಳುವುದುಂಟು. ಮನೆಯ ಕಿಟಕಿಯ ಮಟ್ಟಿಗೆ ಅದರಿಂದ ಬರುವುದು ಓರೆ ಚೌಕಟ್ಟಿನ ಬಿಲ್ಲು ಮಾತ್ರ. ದಪ್ಪ ಪರದೆ, ಮೊಟ್ಟೆಯ ಟ್ರೇ ಇವು ಕೋಣೆಯೊಳಗಿನ ಮಾರ್ದನಿ ತಗ್ಗಿಸಬಲ್ಲವೇ ಹೊರತು ಹೊರಗಿನ ಸದ್ದನ್ನು ತಡೆಯಲಾರವು.

ಕರಾವಳಿಯವರಿಗೆ ಒಂದು ಬೇರೆ ಸೂಚನೆ. ಮಂಗಳೂರು, ಉಡುಪಿಯಲ್ಲಿ ಏಸಿ ಹಾಕಿದ ಕೋಣೆಯ ಒಳಗಾಜು ತಣ್ಣಗಿರುತ್ತದೆ. ಹೊರಗಿನ ಹಸಿಗಾಳಿ ಎರಡು ಗಾಜಿನ ನಡುವೆ ನುಸುಳಿ ಅದರ ಮೇಲೆ ಬೆವರು ಕಟ್ಟುತ್ತದೆ, ಬಟ್ಟೆ ಸುತ್ತಿದ ರಾಕ್‌ವೂಲ್‌ಗೆ ಬೂಷ್ಟು ಹಿಡಿಯುತ್ತದೆ. ಅಲ್ಲಿ ಹೊರಕಿಟಕಿಯೇ ಹೆಚ್ಚು ಬಿಗಿಯಾಗಿರಬೇಕು, ರಾಕ್‌ವೂಲ್ ಬದಲು ಮುಚ್ಚಿದ ಕಣದ ರಬ್ಬರ್ ಫೋಮ್ ಬೇಕು. ಅದು ಸದ್ದು ಹೀರುವುದು ಕಮ್ಮಿ, ಆದರೆ ನೀರು ಕುಡಿಯುವುದಿಲ್ಲ. ಬೆಂಗಳೂರು, ಮೈಸೂರಿನಲ್ಲಿ ಈ ತಲೆನೋವು ಅಷ್ಟಿಲ್ಲ. ಪಡುವಣದ ಬಿಸಿಲು ಬೀಳುವ ಕಿಟಕಿಗೆ ಮಾತ್ರ ಒಳಗಾಜು ಟಫನ್ ಆಗಿರಲಿ, ಬಣ್ಣದ ಫಿಲ್ಮ್ ಅಂಟಿಸಬೇಡಿ. ನಡುವೆ ಸಿಕ್ಕಿಬಿದ್ದ ಶಾಖಕ್ಕೆ ಸಾದಾ ಗಾಜು ಅಂಚಿನಿಂದ ಸೀಳುತ್ತದೆ.

ಎಲ್ಲ ಸರಿಯಾಗಿ ಮಾಡಿದರೆ ಕಿಟಕಿ 35ರಿಂದ 40 ಡೆಸಿಬೆಲ್ ತಡೆಯುತ್ತದೆಂದು ಇಟ್ಟುಕೊಳ್ಳಬಹುದು. ಮಾರಾಟಗಾರರು 50 ಎಂದರೆ ಯಾವ ಗಾಜು, ಎಷ್ಟು ತೆರಪು, ಯಾವ ಗ್ಯಾಸ್ಕೆಟ್ ಎಂದು ಬರೆದುಕೊಡಲು ಕೇಳಿ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 10ರಿಂದ ಬೆಳಗಿನ 6ರವರೆಗೆ 45 ಡೆಸಿಬೆಲ್ ಮೀರಬಾರದು. ಅದು ಪಾಲನೆಯಾಗಿದ್ದರೆ ಈ ಪತ್ರವೇ ಬೇಕಿರಲಿಲ್ಲ, ಸಂದಿ ಮುಚ್ಚಿದ ಹಳೆಯ ಕಿಟಕಿಯೇ ಧಾರಾಳವಾಗಿ ಸಾಕಾಗುತ್ತಿತ್ತು.

ಇನ್ನು ಗಾಳಿಯ ವಿಚಾರ. ಇಷ್ಟು ಬಿಗಿಯಾಗಿ ಮುಚ್ಚಿದ ಕೋಣೆಯಲ್ಲಿ ಇಬ್ಬರು ಬೆಳಗಿನವರೆಗೆ ಮಲಗಿದರೆ ಗಾಳಿ ಮಂಕಾಗುತ್ತದೆ, ಫ್ಯಾನು ಅದೇ ಗಾಳಿಯನ್ನು ತಿರುಗಿಸುತ್ತದೆ ಅಷ್ಟೆ. ರಸ್ತೆಗೆ ಬೆನ್ನು ಹಾಕಿದ ಹಿತ್ತಿಲ ಕಡೆಯ ಕಿಟಕಿ ತೆರೆದು, ನಡುವಿನ ಬಾಗಿಲು ಬಿಟ್ಟುಕೊಳ್ಳುವುದು ಎಲ್ಲಕ್ಕಿಂತ ಸುಲಭ. ಅದಿಲ್ಲದವರು ಹೊರಬಾಗಿಲನ್ನು ಎಡಕ್ಕೆ, ಒಳಬಾಗಿಲನ್ನು ಬಲಕ್ಕೆ ಒಂದೊಂದು ಗೇಣು ತೆರೆದಿಟ್ಟರೆ ಗಾಳಿ ರಾಕ್‌ವೂಲ್ ಸವರಿಕೊಂಡು ಅಡ್ಡ ಹಾಯ್ದು ಬರುತ್ತದೆ, ಸದ್ದು ದಾರಿಯಲ್ಲಿ ಒಂದಿಷ್ಟು ಸವೆಯುತ್ತದೆ. ಹಾಂಗ್‌ಕಾಂಗಿನ ಸರ್ಕಾರಿ ವಸತಿ ಕಟ್ಟಡಗಳಲ್ಲಿ ಇದೇ ತತ್ವದ ಕಿಟಕಿಗಳಿವೆ. ಪೂರ್ತಿ ಮುಚ್ಚಿದಷ್ಟು ಫಲವಿಲ್ಲ, ಪೂರ್ತಿ ತೆರೆದಿಡುವುದಕ್ಕಿಂತ ಎಷ್ಟೋ ವಾಸಿ.

ಅಡುಗೆಮನೆ ಮತ್ತು ಬಚ್ಚಲುಮನೆಯ ಕಿಟಕಿಗೆ ಈ ಕೆಲಸ ಮಾಡಿಸಲೇಬೇಡಿ. ಬಚ್ಚಲಲ್ಲಿ ಗ್ಯಾಸ್ ಗೀಸರ್ ಇದ್ದರೆ ಅಲ್ಲಿನ ವೆಂಟಿಲೇಟರ್ ಸದ್ದು ಬರುವ ತೂತಲ್ಲ, ಜೀವ ಉಳಿಸುವ ತೂತು. ಅದು ಮುಚ್ಚಿದರೆ ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಕೆಲವೇ ನಿಮಿಷದಲ್ಲಿ ತುಂಬುತ್ತದೆ. ಮಲಗುವ ಕೋಣೆಯ ಒಳಬಾಗಿಲಿಗೂ ಬೀಗದಕೈ ಬೇಡುವ ಲಾಕ್ ಬೇಡ, ಹೊಗೆ ತುಂಬಿದ ಕತ್ತಲಲ್ಲಿ ಮಕ್ಕಳ ಕೈಗೂ ತೆರೆಯುವಂಥ ಹಿಡಿ ಇರಲಿ.

ಇಂತಿ,
ಹಳೆಯ ಮನೆಗಳ ಮರ ಮತ್ತು ಗಾಜಿನ ದುರಸ್ತಿಯಲ್ಲಿ ತೊಡಗಿರುವ ಓದುಗರು
ಬೆಂಗಳೂರು